ಹುಡುಗಿ ‘ನಾನೇ ಬಂದೆ’ ಅಂದರೂ ಕಿಡ್ನ್ಯಾಪಿಂಗ್ ಕೇಸು ಯಾಕೆ?

ಪ್ರಶ್ನೆ: ವಕೀಲರೇ, ನಮಸ್ಕಾರ. ನಮ್ಮದು ರಾಣೆಬೆನ್ನೂರು ಕಡೆ ಒಂದು ಹಳ್ಳಿ. ನಮ್ಮ ಅಕ್ಕನ ಮಗನಿಗೆ 21 ವರ್ಷ. ನಮ್ಮೂರಿನದೇ ಹುಡುಗಿಯ ಜೊತೆ ಗೋವಾಕ್ಕೆ ಹೋಗಿದ್ದ. ಕೆಲವು ದಿನ ಬಿಟ್ಟು ಪೊಲೀಸರು ಇಬ್ಬರನ್ನೂ ಕರೆತಂದರು. ಹುಡುಗಿಗೆ 18 ತುಂಬಲು ಎರಡು ತಿಂಗಳು ಬಾಕಿ. "ಯಾರೂ ನನ್ನನ್ನ ಎತ್ತಿಕೊಂಡು ಹೋಗಿಲ್ಲ, ನಾನೇ ಬಂದೆ" ಅಂತ ಅವಳೇ ಎಲ್ಲರ ಮುಂದೆ ಹೇಳಿದ್ದಾಳೆ. ಆದರೂ ಹುಡುಗನ ಮೇಲೆ ಕಿಡ್ನ್ಯಾಪಿಂಗ್ ಅಂತ ಕಲಂ 137(2) ಹಾಕಿದ್ದಾರೆ. ಇತ್ತ ಗದಗಿನಲ್ಲಿ ನಮ್ಮ ಬೀಗರೊಬ್ಬರನ್ನು ಬಡ್ಡಿ ಸಾಲದ ಸಲುವಾಗಿ ನಾಲ್ಕು ಜನ ಕಾರಿನಲ್ಲಿ ಹಾಕಿಕೊಂಡು ಹೋಗಿ ಒಂದು ರಾತ್ರಿ ಕೂಡಿಹಾಕಿದ್ದರು. ಅದು ಖರೇ ಕಿಡ್ನ್ಯಾಪ್ ಅಲ್ವಾ? ಅಲ್ಲಿ 137 ಇಲ್ಲವೇ ಇಲ್ಲ, 140(3) ಹಾಕಿ "ಇದು ಅಬ್ಡಕ್ಷನ್" ಅಂದರು. ತಾನಾಗಿ ಬಂದವಳ ವಿಷಯದಲ್ಲಿ ಕಿಡ್ನ್ಯಾಪಿಂಗ್, ಎಳೆದುಕೊಂಡು ಹೋದರೆ ಅದಲ್ಲ. ಇದೇನು ಲೆಕ್ಕ? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಎರಡೂ ಕಡೆ ಪೊಲೀಸರು ಹಾಕಿದ ಕಲಂ ಸರಿಯಾಗೇ ಇದೆ. ಕೇಸು ಕೊನೆಗೆ ನಿಲ್ಲುತ್ತದೋ ಇಲ್ಲವೋ ಅನ್ನೋದು ಬೇರೆ ಮಾತು, ಅದಕ್ಕೂ ಬರುತ್ತೇನೆ.

ಕಿಡ್ನ್ಯಾಪಿಂಗ್‌ನಲ್ಲಿ ಕಾನೂನು ಕೇಳುವುದು ಒಂದೇ ಪ್ರಶ್ನೆ: ಈ ಮಗು ಯಾರ ಸುಪರ್ದಿಯಲ್ಲಿತ್ತು, ಅವರನ್ನು ಕೇಳಿದಿರಾ? ಮಗುವಿಗೆ ಇಷ್ಟ ಇತ್ತಾ ಅಂತ ಕೇಳುವುದಿಲ್ಲ. ಅಬ್ಡಕ್ಷನ್‌ನಲ್ಲಿ ಪೋಷಕರ ಮಾತೇ ಬರುವುದಿಲ್ಲ. ಅಲ್ಲಿ ಕೇಳುವುದು ಹೋದ ಮನುಷ್ಯನನ್ನೇ: ನಿನ್ನನ್ನು ಬಲವಂತದಿಂದ ಒಯ್ದರಾ, ಇಲ್ಲಾ ಮೋಸ ಮಾಡಿ ಒಯ್ದರಾ? ಅಂದರೆ ಮೊದಲನೆಯದರಲ್ಲಿ ಅನ್ಯಾಯ ಆಗುವುದು ತಂದೆತಾಯಿಯ ಹಕ್ಕಿಗೆ. ಎರಡನೆಯದರಲ್ಲಿ ಆ ವ್ಯಕ್ತಿಯ ಸ್ವಂತ ಇಚ್ಛೆಗೆ. ಇದನ್ನು ಹಿಡಿದುಕೊಂಡರೆ ನಿಮ್ಮ ಎರಡೂ ಕೇಸು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಈಗ ಕಾನೂನು. 2024ರ ಜುಲೈ 1ರಿಂದ ಹಳೇ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ ಕಲಂ 137 ಕಿಡ್ನ್ಯಾಪಿಂಗ್, 138 ಅಬ್ಡಕ್ಷನ್. ಹಳೆಯದರಲ್ಲಿ ಕಿಡ್ನ್ಯಾಪಿಂಗ್ 359ರಿಂದ 361ರ ತನಕ, ಅದರ ಶಿಕ್ಷೆ 363, ಅಬ್ಡಕ್ಷನ್ 362 ಇತ್ತು. ಆ ದಿನಕ್ಕಿಂತ ಮೊದಲು ಆದ ಘಟನೆಗಳು ಇಂದಿಗೂ ಐಪಿಸಿ ಕೆಳಗೇ ನಡೆಯುತ್ತಿವೆ. ಹಾಗಾಗಿ ಕೋರ್ಟಿನಲ್ಲಿ ಒಂದೇ ದಿನ 363 ಅನ್ನೋದನ್ನೂ 137(2) ಅನ್ನೋದನ್ನೂ ಕೇಳಿದರೆ ಗಾಬರಿ ಆಗಬೇಡಿ, ಎರಡೂ ಒಂದೇ.

ಕಿಡ್ನ್ಯಾಪಿಂಗ್‌ನಲ್ಲಿ ಎರಡು ಬಗೆ. ಒಂದು, ಯಾರನ್ನೇ ಆಗಲಿ ಅವರ ಒಪ್ಪಿಗೆ ಇಲ್ಲದೆ ದೇಶದ ಗಡಿ ದಾಟಿಸಿ ಒಯ್ಯುವುದು. ಅದು ನಮ್ಮ ಕಡೆ ಅಪರೂಪ, ಬಿಟ್ಟುಬಿಡಿ. ಎರಡನೆಯದೇ ನಿಮ್ಮ ಅಕ್ಕನ ಮಗನದು. 18 ತುಂಬದ ಮಗುವನ್ನು, ಇಲ್ಲವೇ ಯಾವ ವಯಸ್ಸಿನವರಾದರೂ ಬುದ್ಧಿ ಸ್ಥಿಮಿತ ಇಲ್ಲದವರನ್ನು, ಅವರ ಕಾನೂನುಬದ್ಧ ಪೋಷಕರ ಸುಪರ್ದಿಯಿಂದ, ಪೋಷಕರ ಒಪ್ಪಿಗೆ ಇಲ್ಲದೆ ಕರೆದೊಯ್ದರೆ ಅಥವಾ ಪುಸಲಾಯಿಸಿ ಒಯ್ದರೆ ಅದು ಕಿಡ್ನ್ಯಾಪಿಂಗ್. ಬಲಪ್ರಯೋಗ ಬೇಕಿಲ್ಲ. ಚಾಕು ತೋರಿಸಬೇಕಿಲ್ಲ. ಕೆಟ್ಟ ಉದ್ದೇಶವೂ ಬೇಕಿಲ್ಲ. ಶಿಕ್ಷೆ 7 ವರ್ಷದವರೆಗೆ ಜೈಲು, ಜೊತೆಗೆ ದಂಡ.

ವಯಸ್ಸಿನ ವಿಷಯದಲ್ಲಿ ಒಂದು ಬದಲಾವಣೆ ಬಹಳ ಜನಕ್ಕೆ ಗೊತ್ತಿಲ್ಲ. ಐಪಿಸಿಯಲ್ಲಿ ಹುಡುಗರಿಗೆ 16, ಹುಡುಗಿಯರಿಗೆ 18 ಇತ್ತು. ಈಗ ಇಬ್ಬರಿಗೂ 18. ಅಂದರೆ 17ರ ಹುಡುಗನನ್ನು 20ರ ಹುಡುಗಿ ಪುಸಲಾಯಿಸಿ ಕರೆದುಕೊಂಡು ಹೋದರೂ ಇದೇ ಕಲಂ ಬೀಳುತ್ತದೆ. ಸೆಂಟ್ರಿಂಗ್ ಕೆಲಸಕ್ಕೋ ಹೋಟೆಲ್ ಕೆಲಸಕ್ಕೋ ಅಂತ ಮನೆಯವರಿಗೆ ಹೇಳದೆ 17ರ ಹುಡುಗನನ್ನು ಬೆಂಗಳೂರಿಗೆ ಹತ್ತಿಸಿಕೊಂಡು ಹೋಗುವ ಏಜೆಂಟರಿಗೂ ಬೀಳುತ್ತದೆ. ಆ ಏಜೆಂಟರ ವಿಷಯದಲ್ಲಿ ನನಗೆ ಈ ಬದಲಾವಣೆ ಖುಷಿ ಕೊಟ್ಟಿದೆ.

ಪೋಷಕರು ಅಂದರೆ ಹೆತ್ತವರು ಮಾತ್ರ ಅಲ್ಲ. ಮಗುವನ್ನು ನೋಡಿಕೊಳ್ಳಲು ಕಾನೂನು ಪ್ರಕಾರ ಯಾರ ಕೈಗೆ ಒಪ್ಪಿಸಿದ್ದಾರೋ ಅವರೂ ಪೋಷಕರೇ. ಅಪ್ಪ ಅವ್ವ ದುಡಿಯಲು ಗೋವಾಕ್ಕೋ ಮಂಗಳೂರಿಗೋ ಹೋಗಿ, ಮಗಳನ್ನು ಲಕ್ಷ್ಮೇಶ್ವರದ ಅಜ್ಜಿ ಹತ್ತಿರ ಬಿಟ್ಟಿದ್ದರೆ ಅಜ್ಜಿಯೇ ಪೋಷಕಿ. ಧಾರವಾಡದ ಹಾಸ್ಟೆಲಿನಲ್ಲಿ ಬಿಟ್ಟಿದ್ದರೆ ವಾರ್ಡನ್. ಹುಡುಗಿ ಸಂತೆಗೆ ಹೋಗಿದ್ದಳು, ಬಸ್ ಸ್ಟ್ಯಾಂಡಿನಲ್ಲಿ ಇದ್ದಳು, ಮನೆಯಿಂದ ಒಯ್ದಿಲ್ಲವಲ್ಲ ಅನ್ನುವ ವಾದವೂ ನಡೆಯುವುದಿಲ್ಲ. ಸಂತೆಯಲ್ಲಿದ್ದರೂ ಅವಳು ಮನೆಯವರ ಸುಪರ್ದಿಯಲ್ಲೇ ಇರುತ್ತಾಳೆ.

ಹಾಗಾದರೆ "ನಾನೇ ಬಂದೆ" ಅನ್ನುವ ಮಾತಿಗೆ ಬೆಲೆಯೇ ಇಲ್ವಾ? ಇದೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ಅವಳ ಒಪ್ಪಿಗೆಯನ್ನು ಕೋರ್ಟು ಒಪ್ಪಿಗೆ ಅಂತ ಎಣಿಸುವುದಿಲ್ಲ. ಆದರೆ ಹುಡುಗ ನಿಜವಾಗಲೂ ಅವಳನ್ನು ‘ಕರೆದೊಯ್ದ’ನಾ, ಅಥವಾ ತಾನಾಗಿ ಹೊರಟವಳ ಜೊತೆ ಸುಮ್ನೆ ಹೋದನಾ ಅನ್ನೋದಕ್ಕೆ ಆ ಮಾತು ಸಾಕ್ಷಿ ಆಗುತ್ತದೆ. ಈ ಸಣ್ಣ ಸಂದಿಯಲ್ಲೇ ನಿಮ್ಮ ಅಕ್ಕನ ಮಗನ ಕೇಸಿನ ಹಣೆಬರಹ ಇದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನ ಮಾಡುತ್ತೇನೆ.

ವರದರಾಜನ್ ವಿರುದ್ಧ ಮದ್ರಾಸ್ ರಾಜ್ಯ ಅಂತ ಒಂದು ಹಳೇ ತೀರ್ಪಿದೆ. ಸುಪ್ರೀಂ ಕೋರ್ಟ್, 1964. ಕಾಲೇಜು ಓದುತ್ತಿದ್ದ ಹುಡುಗಿ, 18 ಆಗಲು ಕೆಲವೇ ವಾರ ಬಾಕಿ. ಪಕ್ಕದ ಮನೆಯ ಹುಡುಗನನ್ನು ಮದುವೆ ಆಗುತ್ತೇನೆ ಅಂದಳು. ಅಪ್ಪ ಸಿಟ್ಟಾಗಿ ಅವಳನ್ನು ಸಂಬಂಧಿಕರ ಮನೆಯಲ್ಲಿ ಬಿಟ್ಟು ಬಂದ. ಮರುದಿನ ಬೆಳಿಗ್ಗೆ ಅವಳೇ ಹುಡುಗನಿಗೆ ಫೋನ್ ಮಾಡಿ, ಇಂಥ ಕಡೆ ಬಾ ಅಂತ ಹೇಳಿ, ತಾನೇ ನಡೆದು ಹೋಗಿ ಅವನ ಕಾರು ಹತ್ತಿದಳು. ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮದುವೆಯ ಕರಾರು ಬರೆಸಿದರು, ಊರೂರು ಸುತ್ತಿದರು, ಕೊನೆಗೆ ಪೊಲೀಸರ ಕೈಗೆ ಸಿಕ್ಕರು. ಕೆಳಗಿನ ಕೋರ್ಟಿನಲ್ಲಿ ಹುಡುಗನಿಗೆ ಶಿಕ್ಷೆ ಆಯಿತು. ಸುಪ್ರೀಂ ಕೋರ್ಟ್ ಬಿಡುಗಡೆ ಮಾಡಿತು. ಕಾರಣ ಏನು ಹೇಳಿತು ಗೊತ್ತಾ? ಮಗುವನ್ನು ಕರೆದೊಯ್ಯುವುದು ಬೇರೆ, ತಾನಾಗಿ ಬಂದದ್ದನ್ನು ಜೊತೆಗೆ ಬರಲು ಬಿಡುವುದು ಬೇರೆ. ಮನೆ ಬಿಡುವ ಯೋಚನೆ ಅವಳ ತಲೆಯಲ್ಲಿ ಹುಟ್ಟುವುದಕ್ಕೆ ಹುಡುಗ ಏನಾದರೂ ಮಾಡಿರಬೇಕು. ಪುಸಲಾಯಿಸಿರಬೇಕು, ಆಸೆ ತೋರಿಸಿರಬೇಕು. ಅದಿಲ್ಲದೆ, ಅವಳು ಹೊರಟು ಬಂದ ಮೇಲೆ ಇವನು ವಾಪಸ್ ಮನೆಗೆ ಬಿಡಲಿಲ್ಲ ಅನ್ನುವಷ್ಟಕ್ಕೇ ಅಪರಾಧ ಆಗುವುದಿಲ್ಲ.

ಇದನ್ನು ಓದಿ ಕುಣಿಯಬೇಡಿ. ಅಲ್ಲಿ ಹುಡುಗಿ ಓದಿದವಳು, ಪಟ್ಟಣದವಳು, ತಾನು ಏನು ಮಾಡುತ್ತಿದ್ದೇನೆ ಅಂತ ಪೂರಾ ಗೊತ್ತಿದ್ದವಳು ಅನ್ನುವುದನ್ನೂ ಕೋರ್ಟು ನೋಡಿತ್ತು. ಮತ್ತು 1973ರಲ್ಲಿ ಅದೇ ಸುಪ್ರೀಂ ಕೋರ್ಟ್ ಎರಡು ತೀರ್ಪಿನಲ್ಲಿ ಇನ್ನೊಂದು ಮಗ್ಗುಲು ತೋರಿಸಿದೆ. ಹರಿಯಾಣದ ರಾಜಾರಾಮ್ ಕೇಸಿನಲ್ಲಿ ಹೇಳಿದ್ದು: ಆರೋಪಿಯ ಮಾತಿನಿಂದಲೇ ಹುಡುಗಿಗೆ ಬರುವ ಮನಸ್ಸಾಗಿದ್ದರೆ ಸಾಕು, ಅದು ಕಿಡ್ನ್ಯಾಪಿಂಗ್. ಗುಜರಾತಿನ ಠಾಕೋರ್‌ಲಾಲ್ ವಡ್ಗಾಮಾ ಕೇಸಿನಲ್ಲಿ ಒಬ್ಬ ಉದ್ಯಮಿ ಚಿಕ್ಕ ಹುಡುಗಿಗೆ ಉಡುಗೊರೆ ಕೊಡುತ್ತಾ ಬಹಳ ದಿನದಿಂದ ಒಲಿಸಿಕೊಂಡಿದ್ದ. ಕೊನೆಯ ದಿನ ಅವಳೇ ಅವನ ಕಡೆ ಹೋದಳು. ಆ ಕೊನೆಯ ದಿನವನ್ನು ಮಾತ್ರ ನೋಡಿದರೆ ಆಗದು, ಹಿಂದಿನದನ್ನೂ ನೋಡಬೇಕು ಅಂತ ಹೇಳಿ ಶಿಕ್ಷೆಯನ್ನು ಎತ್ತಿಹಿಡಿದರು.

ಹಾಗಾಗಿ ನಿಮ್ಮ ಹುಡುಗನ ಕೇಸಿನಲ್ಲಿ ಕೋರ್ಟು ನೋಡುವುದು ವಾಟ್ಸಾಪನ್ನು. "ಬಾ, ನಾನಿದ್ದೇನೆ, ಹೆದರಬೇಡ, ಮದುವೆ ಆಗೋಣ" ಅಂತ ತಿಂಗಳುಗಟ್ಟಲೆ ಬರೆದವನು ಇವನಾ? "ಮನೇಲಿ ಬೇರೆ ಕಡೆ ಗೊತ್ತು ಮಾಡ್ತಿದ್ದಾರೆ, ನನ್ನ ಕರಕೊಂಡು ಹೋಗು" ಅಂತ ಮೊದಲು ಬರೆದವಳು ಅವಳಾ? ಬಸ್ ಟಿಕೆಟ್ ತೆಗೆದವರು ಯಾರು? ಬೈಕ್ ಅವಳ ಮನೆ ಬಾಗಿಲಿಗೆ ಹೋಗಿತ್ತಾ, ಇಲ್ಲಾ ಅವಳೇ ಹುಬ್ಬಳ್ಳಿ ತನಕ ಒಬ್ಬಳೇ ಬಂದು ಅಲ್ಲಿ ಇವನನ್ನು ಸೇರಿದಳಾ? ಇದೆಲ್ಲ ಸಣ್ಣದು ಅನಿಸಬಹುದು, ಆದರೆ ಪಾಟೀಸವಾಲಿನಲ್ಲಿ ಅರ್ಧ ದಿನ ಹೋಗುವುದು ಇದರ ಮೇಲೇ. ಫೋನಿನಲ್ಲಿರುವ ಒಂದು ಮೆಸೇಜನ್ನೂ ಅಳಿಸಬೇಡಿ ಅಂತ ಹುಡುಗನಿಗೆ ಇವತ್ತೇ ಹೇಳಿ. ಅಳಿಸಿದರೆ ಅವನ ಪರವಾಗಿರುವುದೂ ಹೋಗುತ್ತದೆ, ಮೇಲೆ ಸಾಕ್ಷ್ಯ ನಾಶ ಅಂತ ಇನ್ನೊಂದು ತಲೆನೋವು.

"ನನಗೆ 18 ಆಗಿದೆ ಅಂತ ಅವಳೇ ಹೇಳಿದ್ದಳು" ಅನ್ನುವ ವಾದವನ್ನೂ ಹುಡುಗರು ತರುತ್ತಾರೆ. ಇದಕ್ಕೆ ಕಾನೂನು ಕಾಲೇಜಿನಲ್ಲಿ ಎಲ್ಲರಿಗೂ ಓದಿಸುವ ಇಂಗ್ಲೆಂಡಿನ ಪ್ರಿನ್ಸ್ ಕೇಸಿದೆ, 1875ರದು. ಹುಡುಗಿಗೆ 14, ಅವಳು ಹೇಳಿದ್ದು 18 ಅಂತ, ಅವನು ನಂಬಿದ್ದ, ನೋಡಲೂ ದೊಡ್ಡವಳ ಹಾಗೆ ಇದ್ದಳು. ಆದರೂ ಶಿಕ್ಷೆ ಆಯಿತು. ನಮ್ಮ ಕೋರ್ಟುಗಳೂ ಹೆಚ್ಚಾಗಿ ಇದೇ ದಾರಿ ಹಿಡಿದಿವೆ. ನಿಮ್ಮ ಕೇಸಿನಲ್ಲಿ ಒಂದೇ ಊರಿನವರು ಬೇರೆ, ಗೊತ್ತಿರಲಿಲ್ಲ ಅಂದರೆ ಯಾರು ನಂಬುತ್ತಾರೆ?

ವಯಸ್ಸನ್ನು ಮಾತ್ರ ಸರಿಯಾಗಿ ಪರಿಶೀಲಿಸಿ. ನಮ್ಮ ಹಳ್ಳಿಗಳಲ್ಲಿ ಶಾಲೆಗೆ ಸೇರಿಸುವಾಗ ಮಾಸ್ತರರು ಜೂನ್ 1 ಅಂತ ಬರೆದುಕೊಂಡ ಹುಟ್ಟಿದ ದಿನಗಳು ಎಷ್ಟಿಲ್ಲ? ಎರಡು ತಿಂಗಳ ಅಂತರ ಇರುವ ಕೇಸಿನಲ್ಲಿ ಇದೇ ದೊಡ್ಡ ವಿಷಯ. ಬಾಲನ್ಯಾಯ ಕಾಯ್ದೆಯ ಕಲಂ 94ರಲ್ಲಿ ಒಂದು ಕ್ರಮ ಇದೆ. ಮೊದಲು ಶಾಲೆಯ ಜನನ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್. ಅದು ಇಲ್ಲದಿದ್ದರೆ ಪಂಚಾಯ್ತಿ ಅಥವಾ ಪುರಸಭೆಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಪರೀಕ್ಷೆ, ಅದರಲ್ಲಿ ಒಂದೆರಡು ವರ್ಷ ಆಚೀಚೆ ಆಗುತ್ತದೆ. ಜಾತಕ ನಡೆಯುವುದಿಲ್ಲ. ಆಧಾರ್ ಕಾರ್ಡ್ ಹುಟ್ಟಿದ ದಿನಕ್ಕೆ ಪುರಾವೆ ಅಲ್ಲ ಅಂತ 2024ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಬಗೆಯ ಕೇಸಿನಲ್ಲಿ ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಹೈಸ್ಕೂಲಿನ ದಾಖಲೆಯಲ್ಲಿ ಏನಿದೆ ಅಂತ ಮೊದಲು ನೋಡಿ. ಅಲ್ಲಿ 18 ದಾಟಿದ್ದರೆ 137 ಆ ಕ್ಷಣವೇ ಬಿದ್ದುಹೋಗುತ್ತದೆ.

ಇನ್ನು, ಹುಡುಗಿ ಹೀಗೆ ಹೇಳಿದ ಮೇಲೂ ಪೊಲೀಸರು ಯಾಕೆ ಎಫ್‌ಐಆರ್ ಇಟ್ಟುಕೊಂಡಿದ್ದಾರೆ? ಬಹುಶಃ ಎಫ್‌ಐಆರ್ ಆಗಿದ್ದು ಅವಳು ಸಿಗುವ ಮೊದಲೇ. 2013ರಲ್ಲಿ ಬಚ್‌ಪನ್ ಬಚಾವೋ ಆಂದೋಲನ್ ಹಾಕಿದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು: ಮಗು ಕಾಣೆಯಾಗಿದೆ ಅಂತ ದೂರು ಬಂದರೆ ಎಫ್‌ಐಆರ್ ಮಾಡಲೇಬೇಕು, ಕಿಡ್ನ್ಯಾಪಿಂಗ್ ಅಥವಾ ಮಾನವ ಸಾಗಣೆ ಇರಬಹುದು ಅಂತಲೇ ಹಿಡಿದು ತನಿಖೆ ಶುರು ಮಾಡಬೇಕು. ಆದ್ದರಿಂದ 18ರ ಒಳಗಿನವರು ಕಾಣೆಯಾದರೆ ಯಾವ ಸ್ಟೇಷನ್‌ನಲ್ಲೇ ಆಗಲಿ 137(2) ತಾನಾಗಿ ಬರುತ್ತದೆ. ಪಿಎಸ್‌ಐ ಸಾಹೇಬರಿಗೆ ನಿಮ್ಮ ಹುಡುಗನ ಮೇಲೆ ಹಗೆ ಇದೆ ಅಂತ ಅಲ್ಲ. ಮಗುವಿನ ಮಾತು ಬಂದಾಗ ಈ ನಿಯಮ ಒಳ್ಳೆಯದೇ. ಮೊದಲೆಲ್ಲ ಬಡವರ ಮಕ್ಕಳು ಕಾಣೆಯಾದರೆ "ನಾಲ್ಕು ದಿನ ನೋಡಿ, ಬರುತ್ತಾಳೆ" ಅಂತ ವಾಪಸ್ ಕಳಿಸುತ್ತಿದ್ದರು.

ನಾನು ಹೆದರುವುದು 137ಕ್ಕೆ ಅಲ್ಲ. ಅದೊಂದೇ ಇದ್ದರೆ ಅದು ಜಾಮೀನು ಸಿಗುವ ಅಪರಾಧ, ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲೇ ನಡೆಯುತ್ತದೆ. ಆದರೆ ಸಾಮಾನ್ಯವಾಗಿ ಅದೊಂದೇ ಇರುವುದಿಲ್ಲ. ಮದುವೆ ಆಗುವ ಉದ್ದೇಶದಿಂದ ಪುಸಲಾಯಿಸಿ ಒಯ್ದ ಅಂತ ಬಂದರೆ ಕಲಂ 87 ಸೇರುತ್ತದೆ, 10 ವರ್ಷದವರೆಗೆ ಶಿಕ್ಷೆ, ಕೇಸು ಸೆಷನ್ಸ್ ಕೋರ್ಟಿಗೆ ಹೋಗುತ್ತದೆ. ಇಬ್ಬರ ನಡುವೆ ದೈಹಿಕ ಸಂಬಂಧ ಆಗಿದೆ ಅಂತ ಬಂದರೆ ಪೋಕ್ಸೋ, ಅಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ಕಾಯ್ದೆ. ಅಲ್ಲಿ 18ರ ಒಳಗಿನವರ ಒಪ್ಪಿಗೆಗೆ ಬೆಲೆಯೇ ಇಲ್ಲ, ಕನಿಷ್ಠ ಶಿಕ್ಷೆಯೇ 10 ವರ್ಷ. 17 ವರ್ಷ 10 ತಿಂಗಳ ಹುಡುಗಿಯ ಪ್ರೀತಿಯನ್ನೂ 7 ವರ್ಷದ ಮಗುವಿನ ಮೇಲಿನ ದೌರ್ಜನ್ಯವನ್ನೂ ಒಂದೇ ಕಾಯ್ದೆಯಲ್ಲಿ ಕಟ್ಟಿಹಾಕಿದ್ದು ನನಗೆ ಸರಿ ಕಾಣುವುದಿಲ್ಲ. ಆದರೆ ಕಾನೂನು ಇರುವುದು ಹೀಗೆ, ನನ್ನ ಅನಿಸಿಕೆಯಿಂದ ನಿಮ್ಮ ಹುಡುಗನಿಗೆ ಜಾಮೀನು ಸಿಗುವುದಿಲ್ಲ.

ಊರ ಹಿರಿಯರು ಈಗಾಗಲೇ "ತಾಳಿ ಕಟ್ಟಿಸಿಬಿಡೋಣ, ಕೇಸು ಮುಗೀತದ" ಅಂತ ಹೇಳಿರಬಹುದು. ದಯವಿಟ್ಟು ಬೇಡ. ಕರ್ನಾಟಕದ ತಿದ್ದುಪಡಿ ಪ್ರಕಾರ ಬಾಲ್ಯವಿವಾಹ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು, ಅಂದರೆ ಮದುವೆ ಆಗೇ ಇಲ್ಲ ಅಂತ ಲೆಕ್ಕ. ತಾಳಿ ಕಟ್ಟಿದವನ ಮೇಲೆ, ಮಾಡಿಸಿದವರ ಮೇಲೆ, ಅಕ್ಷತೆ ಹಾಕಿದ ಹಿರಿಯರ ಮೇಲೆ ಕೂಡ ಇನ್ನೊಂದು ಕೇಸು ಬೀಳುತ್ತದೆ. ಒಂದು ಕೇಸು ಮುಗಿಸಲು ಹೋಗಿ ಎರಡು ಮಾಡಿಕೊಂಡ ಮನೆಗಳನ್ನು ನಾನು ನೋಡಿದ್ದೇನೆ.

ಮಾಡಬೇಕಾದದ್ದು ಇಷ್ಟು. ಹುಡುಗಿಯ ಹೇಳಿಕೆ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗುತ್ತದೆ, ಈಗ ಅದು ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 183, ಹಳೆಯದರಲ್ಲಿ 164. ಎಲ್ಲರ ಮುಂದೆ ಹೇಳಿದ್ದಕ್ಕಿಂತ ಅದಕ್ಕೆ ತೂಕ ಜಾಸ್ತಿ. ಅವಳಿಗೆ ಯಾರೂ ಹೇಳಿಕೊಡಲು ಹೋಗಬೇಡಿ. ಅವಳು ಮನೆಗೆ ಹೋಗಲು ಒಲ್ಲೆ ಅಂದರೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಹಾಜರುಪಡಿಸುತ್ತಾರೆ, ಬಾಲಮಂದಿರದಲ್ಲಿ ಇಡಬಹುದು. ಹುಡುಗ ಅಲ್ಲಿಗೆ ಹೋಗಿ ಗೇಟಿನ ಹತ್ತಿರ ನಿಲ್ಲುವುದು, ಗೆಳೆಯರ ಫೋನಿನಿಂದ ಮೆಸೇಜ್ ಹಾಕುವುದು, ಎಲ್ಲ ಬಂದ್ ಮಾಡಬೇಕು. ಅವಳಿಗೆ 18 ತುಂಬಿ, ಎರಡೂ ಮನೆಯವರ ಸಿಟ್ಟು ಇಳಿದ ಮೇಲೆ ಧಾರವಾಡ ಹೈಕೋರ್ಟ್ ಪೀಠದಲ್ಲಿ ಕೇಸು ರದ್ದು ಮಾಡಿ ಅಂತ ಅರ್ಜಿ ಹಾಕುವ ದಾರಿ ಇದೆ. ಕೆಲವು ಕೇಸುಗಳಲ್ಲಿ ಒಪ್ಪುತ್ತಾರೆ, ಖಾತ್ರಿ ಅಂತ ಹೇಳಲಾರೆ. ಅಕಸ್ಮಾತ್ ಶಿಕ್ಷೆಯೇ ಆದರೂ ಒಪ್ಪಿತ ಪ್ರೀತಿ ಅನ್ನುವುದು ಶಿಕ್ಷೆಯ ಪ್ರಮಾಣಕ್ಕೆ ಲೆಕ್ಕಕ್ಕೆ ಬರುತ್ತದೆ. 2021ರ ಅನ್ವರ್‌ಸಿಂಹ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಅಪರಾಧ ಆಗಿದೆ ಅಂತಲೇ ಹೇಳಿತು, ಆದರೆ ಜೈಲಿನಲ್ಲಿ ಕಳೆದ ದಿನಗಳೇ ಸಾಕು ಅಂತ ಶಿಕ್ಷೆ ಇಳಿಸಿತು.

ಈಗ ಗದಗಿನ ಬೀಗರ ವಿಷಯ. ಅವರು ವಯಸ್ಸಿಗೆ ಬಂದವರು, ಅವರಿಗೆ ಪೋಷಕರು ಅಂತ ಯಾರೂ ಇಲ್ಲ. ಹಾಗಾಗಿ ಪೋಷಕರ ಸುಪರ್ದಿಯಿಂದ ಒಯ್ಯುವ ಕಿಡ್ನ್ಯಾಪಿಂಗ್ ಆಗುವ ಮಾತೇ ಇಲ್ಲ. ನೆನಪಿದೆಯಲ್ಲ, 2000ದ ಜುಲೈ 30ರಂದು ಗಾಜನೂರಿನಿಂದ ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಒಯ್ದು 108 ದಿನ ಕಾಡಿನಲ್ಲಿ ಇಟ್ಟುಕೊಂಡಿದ್ದು. ಇಡೀ ನಾಡು ಅದನ್ನು ಕಿಡ್ನ್ಯಾಪ್ ಅಂತಲೇ ಕರೆಯಿತು. ಆದರೆ ಅವರಿಗೆ ಆಗ 71 ವರ್ಷ. ಕಾನೂನಿನ ಲೆಕ್ಕದಲ್ಲಿ ಅದು ಅಬ್ಡಕ್ಷನ್ನೇ.

ಕಲಂ 138 ಹೇಳುವುದು ಇಷ್ಟೇ: ಯಾರನ್ನೇ ಆಗಲಿ ಬಲವಂತದಿಂದ ಅಥವಾ ಮೋಸದಿಂದ ಒಂದು ಜಾಗದಿಂದ ಹೊರಡುವಂತೆ ಮಾಡಿದರೆ ಅದು ಅಬ್ಡಕ್ಷನ್. ವಯಸ್ಸು ಎಷ್ಟಾದರೂ ಆಗಲಿ. ಮೋಸ ಅಂದರೆ "ನಿಮ್ಮ ತಮ್ಮನಿಗೆ ಆಕ್ಸಿಡೆಂಟ್ ಆಗಿದೆ, ಕಿಮ್ಸ್‌ಗೆ ಬನ್ನಿ" ಅಂತ ಸುಳ್ಳು ಹೇಳಿ ಕಾರು ಹತ್ತಿಸುವಂಥದ್ದು. ಮುಟ್ಟುವುದೂ ಬೇಕಿಲ್ಲ.

ಆ ಕಲಂನಲ್ಲಿ ಒಂದು ವಿಚಿತ್ರ ಇದೆ. 138ಕ್ಕೆ ಶಿಕ್ಷೆಯೇ ಇಲ್ಲ! ಬರೀ ವ್ಯಾಖ್ಯೆ. ಮಗುವನ್ನು ಒಯ್ದರೆ ಉದ್ದೇಶ ಏನೇ ಇರಲಿ ಶಿಕ್ಷೆ ಇದೆ, ಆದರೆ ದೊಡ್ಡವರನ್ನು ಒಯ್ದರೆ ಯಾತಕ್ಕೆ ಒಯ್ದ ಅನ್ನೋದರ ಮೇಲೆ ಶಿಕ್ಷೆ ನಿಂತಿದೆ. ಗುಟ್ಟಾಗಿ ಕೂಡಿಹಾಕಲು ಒಯ್ದರೆ 140(3), 7 ವರ್ಷದವರೆಗೆ. ಕೊಲ್ಲುವ ಉದ್ದೇಶ ಇದ್ದರೆ 140(1), ಜೀವಾವಧಿ ತನಕ ಹೋಗಬಹುದು. ತೀವ್ರ ಗಾಯ ಮಾಡಲು ಅಥವಾ ಗುಲಾಮಗಿರಿಗೆ ಒಯ್ದರೆ 140(4), 10 ವರ್ಷದವರೆಗೆ. ಹೆಣ್ಣುಮಗಳನ್ನು ಅವಳ ಇಷ್ಟಕ್ಕೆ ವಿರುದ್ಧ ಮದುವೆ ಮಾಡಲು ಒಯ್ದರೆ ಮೇಲೆ ಹೇಳಿದ ಅದೇ 87. ಒಯ್ದವರ ಉದ್ದೇಶ ಸಾಬೀತು ಆಗದಿದ್ದರೆ ಅಕ್ರಮ ಬಂಧನದಂಥ ಸಣ್ಣ ಕಲಂಗಳಿಗೆ ಬಂದು ನಿಲ್ಲುತ್ತದೆ. ನಿಮ್ಮ ಬೀಗರನ್ನು ರಾತ್ರಿಯಿಡೀ ಕೂಡಿಹಾಕಿದ್ದರಿಂದ 140(3) ಬಂದಿದೆ. ಇದಕ್ಕೆ ಜಾಮೀನು ಹಕ್ಕಲ್ಲ, ಕೋರ್ಟು ಕೊಟ್ಟರೆ ಉಂಟು. ಅಂದರೆ ಯಾವುದು ದೊಡ್ಡದು ಅಂತ ನೋಡಿದರೆ, ಬರೀ 137(2)ಗಿಂತ ಇದೇ ಗಟ್ಟಿ. ನಿಮ್ಮ ಸಮಾಧಾನಕ್ಕೆ ಹೇಳಿದೆ.

ಇನ್ನೂ ಒಂದು ಫರಕು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮಗು ಪೋಷಕರ ಸುಪರ್ದಿ ದಾಟಿದ ಕ್ಷಣಕ್ಕೇ ಕಿಡ್ನ್ಯಾಪಿಂಗ್ ಪೂರ್ತಿ ಆಗಿಬಿಡುತ್ತದೆ. ಅಬ್ಡಕ್ಷನ್ ಹಾಗಲ್ಲ, ಆ ಮನುಷ್ಯನನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುತ್ತಿರುವಷ್ಟು ಹೊತ್ತೂ ಅದು ನಡೆಯುತ್ತಲೇ ಇರುತ್ತದೆ. ಗದಗಿನಲ್ಲಿ ಕಾರಿಗೆ ಹಾಕಿದವರು ಇಬ್ಬರೇ, ಅಣ್ಣಿಗೇರಿಯಲ್ಲಿ ಇನ್ನಿಬ್ಬರು ಹತ್ತಿಕೊಂಡು ಹುಬ್ಬಳ್ಳಿ ತನಕ ಬಂದರು ಅಂದುಕೊಳ್ಳಿ. ನಡುವೆ ಹತ್ತಿದವರೂ "ನಾವು ಎಳೆದುಕೊಂಡು ಬಂದಿಲ್ಲ" ಅಂತ ತಪ್ಪಿಸಿಕೊಳ್ಳುವಂತಿಲ್ಲ. ದೂರನ್ನೂ ಗದಗಿನಲ್ಲೇ ಕೊಡಬೇಕು ಅಂತ ಇಲ್ಲ. ಯಾವ ಸ್ಟೇಷನ್‌ನಲ್ಲಿ ಕೊಟ್ಟರೂ, ತಮ್ಮ ಹದ್ದಿಗೆ ಸೇರದಿದ್ದರೂ, ಝೀರೋ ಎಫ್‌ಐಆರ್ ಅಂತ ಬರೆದುಕೊಂಡು ಸಂಬಂಧಪಟ್ಟ ಸ್ಟೇಷನ್‌ಗೆ ಕಳಿಸಲೇಬೇಕು.

ಆ ರಾತ್ರಿ ಏನಾಯಿತು ಅಂತ ಬೀಗರ ಮನೆಯವರನ್ನು ಸರಿಯಾಗಿ ಕೇಳಿ. ಅವರ ಹೆಂಡತಿಗೋ ಮಗನಿಗೋ ಫೋನ್ ಬಂದಿತ್ತಾ? "ಇಷ್ಟು ರೊಕ್ಕ ತಂದುಕೊಡು, ಇಲ್ಲಾಂದ್ರ ಕೈಕಾಲು ಮುರೀತೀವಿ" ಅಂತ ಯಾರಾದರೂ ಹೇಳಿದ್ದರೆ ಕೇಸಿನ ಬಣ್ಣವೇ ಬೇರೆ. ಆಗ 140(2) ಬರುತ್ತದೆ, ಹಳೇ 364ಎ. ಅದಕ್ಕೆ ಮರಣದಂಡನೆ ಅಥವಾ ಜೀವಾವಧಿ, ನಡುವೆ ಬೇರೆ ಶಿಕ್ಷೆಯೇ ಇಲ್ಲ. ಒತ್ತೆಹಣ ಮಾತ್ರ ಅಲ್ಲ, ಯಾವುದೋ ಕೆಲಸ ಮಾಡು ಅಥವಾ ಮಾಡಬೇಡ ಅಂತ ಬೇರೆಯವರನ್ನು ಒತ್ತಾಯಿಸಿದರೂ ಅದರಲ್ಲಿ ಸೇರುತ್ತದೆ. ಹೊಲದ ಖರೀದಿ ಪತ್ರಕ್ಕೆ ಸಹಿ ಹಾಕು ಅಂತ ಹೆಂಡತಿಯನ್ನು ಹೆದರಿಸಿದ್ದರೂ ವಾದಕ್ಕೆ ಜಾಗ ಇದೆ. ಆದರೆ ಶೇಖ್ ಅಹ್ಮದ್ ವಿರುದ್ಧ ತೆಲಂಗಾಣ ಕೇಸಿನಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಒಂದು ಕಟ್ಟು ಹಾಕಿದೆ. ಅಲ್ಲಿ ಆಟೋ ಚಾಲಕ ಶಾಲೆಯ ಹುಡುಗನನ್ನು ಒಯ್ದು 2 ಲಕ್ಷ ಕೇಳಿದ್ದ. ಒಯ್ದದ್ದೂ ಸಾಬೀತಾಯಿತು, ಹಣ ಕೇಳಿದ್ದೂ ಆಯಿತು. ಹುಡುಗನಿಗೆ ಹಾನಿ ಮಾಡುತ್ತೇನೆ ಅಂತ ಬೆದರಿಸಿದ್ದಕ್ಕೆ ಪುರಾವೆ ಇರಲಿಲ್ಲ. ಅಷ್ಟಕ್ಕೇ 364ಎ ಬಿದ್ದು, ಶಿಕ್ಷೆ ಬರೀ ಕಿಡ್ನ್ಯಾಪಿಂಗ್‌ಗೆ ಇಳಿಯಿತು. ಹಾಗಾಗಿ ಬೆದರಿಕೆಯ ಕಾಲ್ ರೆಕಾರ್ಡಿಂಗ್ ಇದ್ದರೆ ಆ ಫೋನನ್ನೇ ಜೋಪಾನವಾಗಿ ಇಡಿ, ಬೇರೆ ಫೋನಿಗೆ ಕಳಿಸಿ ಅಸಲು ಅಳಿಸಬೇಡಿ.

"ಸಾಲ ಕೊಟ್ಟಿದ್ದೆ, ವಸೂಲಿಗೆ ಕರೆದುಕೊಂಡು ಹೋದೆ" ಅನ್ನೋದು ಕಾನೂನಿನಲ್ಲಿ ಉತ್ತರವೇ ಅಲ್ಲ. ಸಾಲ ಖರೇ ಇದ್ದರೆ ಸಿವಿಲ್ ಕೋರ್ಟಿಗೆ ಹೋಗಲಿ. ಮೀಟರ್ ಬಡ್ಡಿ ಆಗಿದ್ದರೆ ರಾಜ್ಯದ 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆಯನ್ನೂ ಸೇರಿಸಿ ಅಂತ ಕೇಳಿ. 2025ರಲ್ಲಿ ಕಿರುಸಾಲ ವಸೂಲಿಯ ದಬ್ಬಾಳಿಕೆ ಮೇಲೆ ಸರಕಾರ ತಂದ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು ಇದೆ. ಸಾಲ ಕೊಟ್ಟವನು ಯಾವ ಬಗೆಯವನು ಅನ್ನೋದರ ಮೇಲೆ ಅದು ಹೊಂದುತ್ತದೋ ಇಲ್ಲವೋ ನೋಡಬೇಕು.

ನೀವು ಕೇಳದ ಒಂದು ಮಾತು, ಯಾಕೆಂದರೆ ಇಂಥದ್ದು ಓದಿದವರು ಮುಂದೆ ಕೇಳುವುದು ಇದನ್ನೇ. ಹುಡುಗಿಗೆ 18 ತುಂಬಿದ್ದರೆ? ಆಗ ಕಿಡ್ನ್ಯಾಪಿಂಗ್ ಇಲ್ಲ, ಅಪ್ಪ ಎಷ್ಟೇ ದೂರು ಕೊಡಲಿ. ತನ್ನಿಚ್ಛೆಯಿಂದ ಹೋದೆ ಅಂದರೆ ಅಬ್ಡಕ್ಷನ್ನೂ ಇಲ್ಲ. 2006ರ ಲತಾ ಸಿಂಗ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಇದನ್ನು ಖಡಕ್ಕಾಗಿ ಹೇಳಿದೆ. ಧಾರವಾಡ ಪೀಠದಲ್ಲಿ ಅಪ್ಪಂದಿರು ಹಾಕುವ ಹೇಬಿಯಸ್ ಕಾರ್ಪಸ್ (ಮಗಳನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅನ್ನುವ) ಅರ್ಜಿಗಳೂ ಸಾಮಾನ್ಯವಾಗಿ ಮುಗಿಯುವುದು ಹೀಗೇ. ಹುಡುಗಿ ಬರುತ್ತಾಳೆ, ನ್ಯಾಯಮೂರ್ತಿಗಳು ಕೇಳುತ್ತಾರೆ, ತನಗೆ ಬೇಕಾದ ಕಡೆ ಹೋಗುತ್ತಾಳೆ. ಇದರ ಇನ್ನೊಂದು ಮುಖ ಜನಕ್ಕೆ ಹೊಳೆಯುವುದಿಲ್ಲ. ಹುಬ್ಬಳ್ಳಿ ಪಿಜಿಯಲ್ಲಿದ್ದ 20ರ ಮಗಳನ್ನು ಅಣ್ಣ, ಕಾಕಾ, ಮಾವ ಸೇರಿ ಕಾರಿಗೆ ಎಳೆದು ಹಾಕಿ ಊರಿಗೆ ಒಯ್ದು ಕೋಣೆಯಲ್ಲಿ ಇಟ್ಟರೆ ಅದೇ ಅಬ್ಡಕ್ಷನ್, ಅದೇ 140(3). ಬೇರೆಯವನ ಜೊತೆ ಮದುವೆ ಮಾಡಲು ಒಯ್ದಿದ್ದರೆ 87. ಹೆತ್ತವರು ಅನ್ನುವ ರಿಯಾಯಿತಿ ಅಲ್ಲಿ ಇಲ್ಲ.

ಗಂಡ ಹೆಂಡತಿ ಜಗಳದಲ್ಲಿ ಅಪ್ಪ ತನ್ನದೇ ಮಗುವನ್ನು ಒಯ್ದರೆ ಕಿಡ್ನ್ಯಾಪಿಂಗಾ ಅಂತಲೂ ಕೇಳುತ್ತಾರೆ. ಸಾಮಾನ್ಯವಾಗಿ ಅಲ್ಲ. ಅವನೂ ಸಹಜ ಪೋಷಕನೇ. ಮಗು ತಾಯಿಯ ಹತ್ತಿರ ಇರಬೇಕು ಅಂತ ಕೋರ್ಟಿನ ಆದೇಶ ಇದ್ದೂ ಒಯ್ದಿದ್ದರೆ ಕಥೆ ಬೇರೆ.

ಕೊನೆಯದಾಗಿ ಬೀಗರಿಗೆ ಹೇಳಿ: ಚಾರ್ಜ್‌ಶೀಟ್ ಆದ ಮೇಲೆ ಪ್ರತಿ ತೆಗೆದುಕೊಂಡು ಓದಿಸಲಿ. ಬೆದರಿಕೆ ಫೋನ್ ಬಂದದ್ದನ್ನು ಹೇಳಿಕೆಯಲ್ಲಿ ಬರೆಸಿಯೂ 140(2) ಬಿಟ್ಟುಹೋಗಿದ್ದರೆ ಸರಕಾರಿ ವಕೀಲರನ್ನು ಭೇಟಿಯಾಗಲಿ. ತೀರ್ಪು ಹೇಳುವ ತನಕ ಆರೋಪವನ್ನು ಬದಲಿಸುವ, ಹೊಸದನ್ನು ಸೇರಿಸುವ ಅಧಿಕಾರ ಕೋರ್ಟಿಗಿದೆ. ಹೇಳಿಕೆಯಲ್ಲೇ ಬರೆಸಿಲ್ಲ ಅಂದರೆ ತನಿಖಾಧಿಕಾರಿಗೆ ಈಗಲೇ ಅರ್ಜಿ ಕೊಟ್ಟು ಹೆಚ್ಚುವರಿ ಹೇಳಿಕೆ ಕೊಡಲಿ, ಅರ್ಜಿಗೆ ಸ್ವೀಕೃತಿ ಪಡೆಯುವುದನ್ನು ಮರೆಯದಿರಲಿ.